ರೋಮ್ ಕಟ್ಟುವವರ ಪ್ರಶ್ನೆಗಳು

ಸರದಿಯಂತೆ ಆಡಿ ಸಾಮ್ರಾಜ್ಯ ಬೆಳೆಸುವ ಸಿವಿಲೈಸೇಶನ್ 6 ಎಂಬ ಕಂಪ್ಯೂಟರ್ ಆಟದಲ್ಲಿ ರೋಮ್ ಸಾಮ್ರಾಜ್ಯವನ್ನು ಆರಿಸಿಕೊಂಡು ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡವರ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ನಾಯಕ, ರೋಮನ್ ಚಕ್ರವರ್ತಿ ಟ್ರೇಜನ್. ಇಲ್ಲಿ ಕೊಟ್ಟಿರುವ ಅಂಕಿಗಳು ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆ ಇರುವ ಆಟದವು, ಸ್ಟ್ಯಾಂಡರ್ಡ್ ವೇಗದವು. ಆನ್‌ಲೈನ್ ವೇಗದಲ್ಲಿ ಆಡುವವರು ವೆಚ್ಚಗಳನ್ನು ಅರ್ಧಕ್ಕೆ ಇಳಿಸಿಕೊಂಡು ಓದಿ. ನಕಾಶೆಯ ಒಂದೊಂದು ಷಟ್ಕೋನವನ್ನೂ ಚೌಕಾಬಾರದಲ್ಲಿ ಹೇಳುವ ಹಾಗೆ ‘ಮನೆ’ ಎಂದೇ ಕರೆದಿದ್ದೇವೆ.

ಪ್ರಶ್ನೆ: 70ನೇ ಟರ್ನ್ (ಸರದಿ) ಬಂದರೂ ನನ್ನ ರೋಮ್‌ಗೆ ಮೂರೇ ನಗರ. ಪಕ್ಕದವರು ಅಷ್ಟರಲ್ಲಿ ಐದಾರು ಮಾಡಿಕೊಂಡಿರುತ್ತಾರೆ. ಶುರುವಿನಲ್ಲಿ ಏನನ್ನು ಯಾವ ಕ್ರಮದಲ್ಲಿ ಕಟ್ಟಬೇಕು?
– ಓದುಗರು, ದಾವಣಗೆರೆ

ಉತ್ತರ: ರೋಮ್‌ನ ಲಾಭ ಎಲ್ಲಿಂದ ಬರುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಟ್ರೇಜನ್ ನೆಲೆಗೊಳಿಸುವ ಪ್ರತಿ ಹೊಸ ನಗರಕ್ಕೂ ಕಲ್ಚರ್ (ಸಂಸ್ಕೃತಿಯ ಅಂಕ) ಕೊಡುವ ಮಾನ್ಯುಮೆಂಟ್ ಕಟ್ಟಡ ಪುಕ್ಕಟೆ. ಬೇರೆಯವರು ಅದಕ್ಕೆ 60 ಪ್ರೊಡಕ್ಷನ್, ಅಂದರೆ ಊರಿನ ಕಟ್ಟುವ ಶಕ್ತಿ, ಸುರಿಯಬೇಕು. ಆಗಷ್ಟೇ ಹುಟ್ಟಿದ ಊರು ಟರ್ನ್‌ಗೆ 4 ಅಥವಾ 5 ಪ್ರೊಡಕ್ಷನ್ ಕೊಟ್ಟರೆ ಹೆಚ್ಚು. ಹಾಗಾಗಿ ಮಾನ್ಯುಮೆಂಟ್ ಒಂದಕ್ಕೇ ಅವರಿಗೆ 12ರಿಂದ 15 ಟರ್ನ್ ಹಿಡಿಯುತ್ತದೆ. ನಿಮಗೆ ಅಷ್ಟೂ ಟರ್ನ್ ಉಳಿತಾಯ, ಜೊತೆಗೆ ಗಡಿ ಹಿಗ್ಗಿಸುವ ಕಲ್ಚರ್ ಊರು ಹುಟ್ಟಿದ ಟರ್ನ್‌ನಿಂದಲೇ ಶುರು. ಮೂರು ನಗರ ಕಟ್ಟಿದವರಿಗೆ ಈ ಉಡುಗೊರೆ ಮೂರು ಸಲ ಸಿಗುತ್ತದೆ, ಹತ್ತು ಕಟ್ಟಿದವರಿಗೆ ಹತ್ತು ಸಲ. ರೋಮ್ ಆಡುವಾಗ ಮೊದಲ 100 ಟರ್ನ್‌ಗಳಲ್ಲಿ ಉಳಿದ ಎಲ್ಲ ಕೆಲಸವೂ ಹೊಸ ನಗರ ಹೂಡುವ ಸೆಟ್ಲರ್‌ನ ಹಿಂದೆ ನಿಲ್ಲಬೇಕು.

ರಾಜಧಾನಿಯಲ್ಲಿ ಕ್ರಮ ಹೀಗಿರಲಿ: ಸ್ಕೌಟ್ (ನೆಲ ಹುಡುಕುವವನು), ಸ್ಲಿಂಗರ್ (ಕವಣೆಯ ಸೈನಿಕ), ಸೆಟ್ಲರ್, ಬಿಲ್ಡರ್ (ನೆಲ ಸುಧಾರಿಸುವವನು), ಮತ್ತೆ ಸೆಟ್ಲರ್. ಸೆಟ್ಲರ್ ಹೊರಡಿಸಲು ಊರಿನ ಜನಸಂಖ್ಯೆ ಕನಿಷ್ಠ 2 ಇರಬೇಕು, ಹೊರಟಾಗ ಅದರಲ್ಲಿ ಒಂದು ಕಡಿಮೆಯಾಗುತ್ತದೆ. ಸ್ಕೌಟ್ ಮತ್ತು ಸ್ಲಿಂಗರ್ ಮುಗಿಯುವ ಹೊತ್ತಿಗೆ ಜನಸಂಖ್ಯೆ 2 ಮುಟ್ಟುವುದರಿಂದ ಈ ಕ್ರಮ ಹೊಂದುತ್ತದೆ. ಬಿಲ್ಡರ್‌ಗೆ ಮೂರು ಚಾರ್ಜ್, ಅಂದರೆ ಮೂರು ಸಲ ಕಟ್ಟುವ ಅವಕಾಶ. ಮೂರನ್ನೂ ಗಣಿ, ಹೊಲ, ಹುಲ್ಲುಗಾವಲುಗಳಿಗೆ ಬಳಸಿದರೆ ಕ್ರಾಫ್ಟ್ಸ್‌ಮನ್‌ಶಿಪ್ ಎಂಬ ಸಿವಿಕ್‌ನ (ಕಲ್ಚರ್‌ನಿಂದ ಕಲಿಯುವ ವಿದ್ಯೆ) ಪ್ರೇರಣೆಯೂ, ಅಂದರೆ ಅದನ್ನು ಬೇಗ ಮುಗಿಸುವ ನೆರವೂ, ಸಿಗುತ್ತದೆ.

ತಪ್ಪುವುದು ಹೆಚ್ಚಾಗಿ ಎರಡು ಕಡೆ. ಒಂದು, ಸ್ಟೋನ್‌ಹೆಂಜ್‌ನ ಆಸೆ. ಅದರ ಬೆಲೆ 180 ಪ್ರೊಡಕ್ಷನ್. ಮೊದಲ ಎರಡು ಸೆಟ್ಲರ್‌ಗಳ ಬೆಲೆ 80 ಮತ್ತು 110, ಕೂಡಿಸಿದರೆ 190. ಒಂದು ಕಲ್ಲಿನ ವೃತ್ತಕ್ಕಾಗಿ ಎರಡು ನಗರ ಬಿಟ್ಟುಕೊಟ್ಟ ಹಾಗಾಯಿತು. ರೋಮ್‌ಗೆ ಇದು ಯಾವತ್ತೂ ನಷ್ಟದ ವ್ಯಾಪಾರ. ಇನ್ನೊಂದು, ‘ಕಾಲನೈಸೇಶನ್’ ಎಂಬ ನೀತಿಯ ಕಾರ್ಡ್ ತಡವಾಗುವುದು. ಪ್ರತಿ ಸೆಟ್ಲರ್‌ನ ಬೆಲೆ ಹಿಂದಿನದಕ್ಕಿಂತ 30 ಏರುತ್ತದೆ: 80, 110, 140, 170. ನಾಲ್ಕನೆಯದರ ಹೊತ್ತಿಗೆ ರಾಜಧಾನಿ ಏದುಸಿರು ಬಿಡುತ್ತಿರುತ್ತದೆ. ಈ ಕಾರ್ಡ್ ಸೆಟ್ಲರ್ ಕೆಲಸಕ್ಕೆ ಪ್ರೊಡಕ್ಷನ್ ಅನ್ನು ಶೇ. 50 ಹೆಚ್ಚಿಸುತ್ತದೆ. 170ರ ಸೆಟ್ಲರ್ ನಿಮಗೆ 114ಕ್ಕೆ ಸಿಕ್ಕ ಲೆಕ್ಕ.

ಕಾರ್ಡ್ ಸಿಗುವುದು ಅರ್ಲಿ ಎಂಪೈರ್ ಸಿವಿಕ್ ಮುಗಿದಾಗ. ಅದರ ಪ್ರೇರಣೆಗೆ ಸಾಮ್ರಾಜ್ಯದ ಒಟ್ಟು ಜನಸಂಖ್ಯೆ 6 ಆಗಬೇಕು. ಒಂದೇ ಊರಿನಲ್ಲಿ ಆರು ಬೇಕೆಂದಿಲ್ಲ. ರಾಜಧಾನಿಯಲ್ಲಿ 3, ಎರಡನೇ ಊರಿನಲ್ಲಿ 2, ಮೂರನೆಯದರಲ್ಲಿ 1 ಇದ್ದರೂ ನಡೆಯುತ್ತದೆ. ಹಾಗಾಗಿ ಮೊದಲ ಎರಡು ಸೆಟ್ಲರ್‌ಗಳನ್ನು ಪೂರ್ತಿ ಬೆಲೆ ಕೊಟ್ಟು ಹೊರಡಿಸಿ, ಊರುಗಳು ಬೆಳೆದು ಆರು ಮುಟ್ಟಲಿ, ಆ ಸಿವಿಕ್ ಮುಗಿದ ಟರ್ನ್‌ನಲ್ಲೇ ‘ಅರ್ಬನ್ ಪ್ಲಾನಿಂಗ್’ ತೆಗೆದು ‘ಕಾಲನೈಸೇಶನ್’ ಹಾಕಿ. ಸಿವಿಕ್ ಮುಗಿದ ಟರ್ನ್‌ನಲ್ಲಿ ಕಾರ್ಡ್ ಬದಲಿಸಲು ಹಣ ಕೊಡಬೇಕಾಗಿಲ್ಲ. ಮುಂದಿನ ಟರ್ನ್‌ಗೆ ಬಿಟ್ಟರೆ ಚಿನ್ನ ಕೊಡಬೇಕಾಗುತ್ತದೆ.

ಅರ್ಲಿ ಎಂಪೈರ್ ಮತ್ತು ಸ್ಟೇಟ್ ವರ್ಕ್‌ಫೋರ್ಸ್ ಎರಡೂ ಒಂದೊಂದು ಗವರ್ನರ್ ಹುದ್ದೆ ಕೊಡುತ್ತವೆ. ಎರಡನ್ನೂ ಮ್ಯಾಗ್ನಸ್ ಎಂಬ ಗವರ್ನರ್‌ಗೇ ಇಡಿ, ಒಂದು ಅವನ ನೇಮಕಕ್ಕೆ, ಇನ್ನೊಂದು ‘ಪ್ರೊವಿಶನ್’ ಬಡ್ತಿಗೆ. ಅವನು ಕೂತ ಊರಿನಿಂದ ಸೆಟ್ಲರ್ ಹೊರಟರೆ ಜನಸಂಖ್ಯೆ ಕಡಿಮೆಯಾಗುವುದಿಲ್ಲ. ಕಾಡು ಕಡಿದಾಗ ಬರುವ ಪ್ರೊಡಕ್ಷನ್ ಕೂಡ ಅವನಿದ್ದರೆ ಶೇ. 50 ಹೆಚ್ಚು. ರಾಜಧಾನಿಯ ಸುತ್ತ ಕಾಡಿದ್ದರೆ ಅವನು ನೆಲೆಯೂರುವವರೆಗೆ, ಅಂದರೆ ನೇಮಿಸಿ 5 ಟರ್ನ್ ಆಗುವವರೆಗೆ, ಕೊಡಲಿ ಹಾಕಬೇಡಿ. ಪೊಲಿಟಿಕಲ್ ಫಿಲಾಸಫಿ ಮುಗಿದು ಮೊದಲ ಸರ್ಕಾರ ಬಂದ ಮೇಲೆ ಗವರ್ನಮೆಂಟ್ ಪ್ಲಾಜಾದಲ್ಲಿ ‘ಆನ್ಸೆಸ್ಟ್ರಲ್ ಹಾಲ್’ ಕಟ್ಟಿ. ಆ ನಗರದ ಸೆಟ್ಲರ್ ಕೆಲಸಕ್ಕೆ ಇನ್ನೂ ಶೇ. 50 ಸೇರುತ್ತದೆ, ಆಮೇಲೆ ಹುಟ್ಟುವ ಪ್ರತಿ ಊರಿಗೂ ಒಬ್ಬ ಬಿಲ್ಡರ್ ಉಚಿತ. ಪುಕ್ಕಟೆ ಮಾನ್ಯುಮೆಂಟ್, ಪುಕ್ಕಟೆ ಬಿಲ್ಡರ್, ರಾಜಧಾನಿಗೆ ಪುಕ್ಕಟೆ ರಸ್ತೆ ಮೂರೂ ಒಂದೇ ಟರ್ನ್‌ನಲ್ಲಿ ಸಿಕ್ಕ ಊರು ಹೇಗೆ ಮೇಲೇಳುತ್ತದೆ ಎಂದು ಒಮ್ಮೆ ನೋಡಿದವರು ಬೇರೆ ಕಟ್ಟಡ ಆರಿಸುವುದಿಲ್ಲ.

ನಮ್ಮ ಅಳತೆ: 50ನೇ ಟರ್ನ್‌ಗೆ ನಾಲ್ಕು ನಗರ, 100ನೇ ಟರ್ನ್‌ಗೆ ಎಂಟು. ಎರಡು ನಗರಗಳ ನಡುವೆ ಕನಿಷ್ಠ ಮೂರು ಮನೆ ಬಿಡಬೇಕೆಂಬುದು ಆಟದ ನಿಯಮ. ರೋಮ್‌ಗೆ ಮೂರು ಅಥವಾ ನಾಲ್ಕು ಬಿಟ್ಟರೆ ಸಾಕು, ದೂರ ದೂರ ಹರಡುವ ಅಗತ್ಯವಿಲ್ಲ. ನದಿ ಅಥವಾ ಸರೋವರದ ಪಕ್ಕ ಊರು ಹೂಡಿದರೆ ಹೌಸಿಂಗ್ (ಎಷ್ಟು ಜನಕ್ಕೆ ಜಾಗವಿದೆ ಎಂಬ ಅಳತೆ) 5, ಬರೀ ಸಮುದ್ರತೀರವಾದರೆ 3, ನೀರೇ ಇಲ್ಲದಿದ್ದರೆ 2. ನೀರಿಲ್ಲದ ಜಾಗ ಕಂಡು ಹಿಂಜರಿಯಬೇಡಿ. ಅದರ ಪರಿಹಾರ ಮುಂದಿನ ಉತ್ತರವೊಂದರಲ್ಲಿದೆ.

ಸೆಟ್ಲರ್ ಅನ್ನು ಒಂಟಿಯಾಗಿ ಮಾತ್ರ ಕಳಿಸಬೇಡಿ. ವಾರಿಯರ್ ಅಥವಾ ಸ್ಲಿಂಗರ್ ಒಂದನ್ನು ಅದೇ ಮನೆಯಲ್ಲಿ ಜೊತೆಗೆ ನಡೆಸಿ. ಬಾರ್ಬೇರಿಯನ್ (ಯಾವ ಸಾಮ್ರಾಜ್ಯಕ್ಕೂ ಸೇರದ ದಾಳಿಕೋರರ) ಸ್ಕೌಟ್‌ನ ತಲೆಯ ಮೇಲೆ ಕೆಂಪು ಆಶ್ಚರ್ಯಚಿಹ್ನೆ ಕಂಡಿತೆಂದರೆ ಅದು ನಿಮ್ಮ ಊರನ್ನು ನೋಡಿಯಾಗಿದೆ, ಬೀಡಿಗೆ ಸುದ್ದಿ ಮುಟ್ಟಿಸಲು ಓಡುತ್ತಿದೆ. ಅದು ತಲುಪುವ ಮೊದಲೇ ದಾರಿ ಅಡ್ಡಗಟ್ಟಿ ಕೊಂದರೆ ಮುಂದಿನ ದಂಡು ಬರುವುದಿಲ್ಲ.

ಪ್ರಶ್ನೆ: ಬ್ರಾಂಜ್ ವರ್ಕಿಂಗ್ ಸಂಶೋಧನೆ ಮುಗಿದರೂ ನನ್ನ ಗಡಿಯೊಳಗೆ ಕಬ್ಬಿಣ ಕಾಣಲಿಲ್ಲ. ಲೀಜನ್ (ರೋಮ್‌ನದೇ ಆದ ಕತ್ತಿಯ ಪಡೆ) ಇಲ್ಲದ ರೋಮ್ ಆಡುವುದು ವ್ಯರ್ಥವೇ?
– ಓದುಗರು, ಹಾಸನ

ಉತ್ತರ: ವ್ಯರ್ಥವಲ್ಲ, ಆದರೆ ಕಾಯುತ್ತ ಕೂರಬೇಡಿ. ಕಬ್ಬಿಣ ನಕಾಶೆಯಲ್ಲಿ ಕಾಣಿಸಿದ ಟರ್ನ್‌ನಲ್ಲಿ ಇಡೀ ನಕಾಶೆಯನ್ನು ಒಮ್ಮೆ ಜಾಲಾಡಿ. ಐದಾರು ಮನೆ ಆಚೆ ಇದ್ದರೆ ಮುಂದಿನ ಸೆಟ್ಲರ್ ಅಲ್ಲಿಗೇ ಹೋಗಲಿ. ಸಾಮಾನ್ಯ ಸ್ವೋರ್ಡ್ಸ್‌ಮನ್‌ಗೆ 20 ಕಬ್ಬಿಣ ಬೇಕು, ಲೀಜನ್‌ಗೆ 10 ಸಾಕು. ಒಂದು ಗಣಿ ಟರ್ನ್‌ಗೆ 2 ಕಬ್ಬಿಣ ಕೊಡುತ್ತದೆ. ಹಾಗಾಗಿ ಒಂದೇ ಗಣಿ ಇದ್ದರೂ ಐದು ಟರ್ನ್‌ಗೊಂದು ಲೀಜನ್ ನಿರಾತಂಕವಾಗಿ ಹೊರಬೀಳುತ್ತದೆ. ಕಬ್ಬಿಣದ ಮೇಲೆಯೇ ನಗರ ಹೂಡಿದರೂ ಅದು ಕೈಸೇರುತ್ತದೆ, ಆದರೆ ಐರನ್ ವರ್ಕಿಂಗ್ ಸಂಶೋಧನೆಯನ್ನು ಬೇಗ ಮುಗಿಸುವ ಯುರೇಕಾ ಸಿಗುವುದು ಗಣಿ ಕಟ್ಟಿದಾಗ. ಆ ಯುರೇಕಾ ಸಂಶೋಧನೆಯ ಶೇ. 40ರಷ್ಟು ಭಾಗ, ಬಿಡುವ ಮಾತಲ್ಲ.

ಎಲ್ಲೂ ಇಲ್ಲವಾದರೆ ಪಕ್ಕದ ನಾಯಕರ ಹತ್ತಿರ ವ್ಯಾಪಾರದ ಪರದೆಯಲ್ಲಿ ಕಬ್ಬಿಣವಿದೆಯೇ ನೋಡಿ, 10ರ ಲೆಕ್ಕದಲ್ಲಿ ಕೊಳ್ಳಿ. ಅದೂ ಇಲ್ಲದಿದ್ದರೆ ಸ್ಲಿಂಗರ್‌ಗಳನ್ನು ಆರ್ಚರ್ ಮಾಡಿಕೊಂಡು (ತಲಾ 60 ಚಿನ್ನ) ಗಡಿ ಕಾಯಿರಿ, ಸೆಟ್ಲರ್ ಕೆಲಸ ಮುಂದುವರಿಸಿ. ಊರು, ರಸ್ತೆ, ಸ್ನಾನಗೃಹ ಇವಕ್ಕೆ ಕಬ್ಬಿಣ ಬೇಕಿಲ್ಲ. ರೋಮ್‌ನ ಮುಕ್ಕಾಲು ಬಲ ಅಲ್ಲೇ ಇದೆ.

ಪ್ರಶ್ನೆ: ಐದು ಲೀಜನ್ ಕಟ್ಟಿಕೊಂಡು ಪಕ್ಕದ ರಾಜಧಾನಿಗೆ ನುಗ್ಗಿದೆ. ಗೋಡೆಯ ಮುಂದೆ ಒಂದೊಂದಾಗಿ ಸತ್ತವು. ಬಲ 40 ಇದ್ದೂ ಹೀಗೇಕೆ?
– ಓದುಗರು, ಬೆಳಗಾವಿ

ಉತ್ತರ: ಬಲ 40 ಎನ್ನುವುದು ಬಯಲಿನಲ್ಲಿ ಎದುರಾಗುವ ಸೈನ್ಯಕ್ಕೆ. ಆಟದ ಸೂತ್ರದಲ್ಲಿ ಸಮಬಲದವರು ಹೊಡೆದಾಡಿದರೆ ಒಬ್ಬೊಬ್ಬರಿಗೆ ಸುಮಾರು 30 ಪೆಟ್ಟು. ವ್ಯತ್ಯಾಸ ಹೆಚ್ಚಾದಂತೆ ಪೆಟ್ಟು ವೇಗವಾಗಿ ಏರುತ್ತದೆ. ಬಲ 20ರ ವಾರಿಯರ್ ಮೇಲೆ ಲೀಜನ್ ಬಿದ್ದರೆ ವಾರಿಯರ್‌ಗೆ 65ರ ಆಸುಪಾಸು, ಲೀಜನ್‌ಗೆ ಹದಿಮೂರೋ ಹದಿನಾಲ್ಕೋ. ಎರಡನೇ ಏಟಿಗೆ ಎದುರಾಳಿ ಇಲ್ಲ. ಗೋಡೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕತ್ತಿ ಹಿಡಿದವರು ಗೋಡೆಗೆ ಹೊಡೆದರೆ ತಾಗುವುದು ಅತ್ಯಲ್ಪ, ತಿರುಗೇಟು ಮಾತ್ರ ಪೂರ್ತಿ. ಅದರ ಮೇಲೆ ಗೋಡೆಯಿಂದ ಪ್ರತಿ ಟರ್ನ್ ಒಂದು ಬಾಣದ ಸುರಿಮಳೆ. ನಿಮ್ಮ ಐದೂ ಸತ್ತದ್ದು ಹಾಗೆ.

ಬೇಕಾಗಿದ್ದದ್ದು ಗೋಡೆ ಒಡೆಯುವ ಒಂದು ದಿಮ್ಮಿ, ಬ್ಯಾಟರಿಂಗ್ ರಾಮ್. ಮ್ಯಾಸನ್ರಿ ಕಲಿತರೆ ಸಿಗುತ್ತದೆ, 65 ಪ್ರೊಡಕ್ಷನ್. ಅದು ನಗರಕ್ಕೆ ತಾಗಿದ ಮನೆಯಲ್ಲಿ ನಿಂತಿದ್ದರೆ ಸಾಕು, ಆ ನಗರದ ಮೇಲೆ ಬೀಳುವ ನಿಮ್ಮ ಎಲ್ಲ ಲೀಜನ್‌ಗಳ ಪೆಟ್ಟೂ ಗೋಡೆಗೆ ಪೂರ್ತಿ ತಾಗುತ್ತದೆ. ಐದು ಲೀಜನ್‌ಗೆ ಐದು ರಾಮ್ ಬೇಡ. ರಾಮ್ ಸ್ವತಃ ಹೋರಾಡಲಾರದು, ಒಂಟಿಯಾಗಿ ಸಿಕ್ಕರೆ ಶತ್ರುವಿನ ಪಾಲು. ಲೀಜನ್ ನಿಂತ ಮನೆಯಲ್ಲೇ ಅದನ್ನೂ ನಿಲ್ಲಿಸಿ, ಇಬ್ಬರನ್ನೂ ಜೋಡಿ ಮಾಡಿ ನಡೆಸಿ.

ಈಗ ಮುತ್ತಿಗೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. ನಾಲ್ಕು ಲೀಜನ್, ಒಂದು ರಾಮ್, ಎರಡು ಆರ್ಚರ್ ಇವೆ ಎನ್ನಿ. ‘ಅಗೋಗೆ’ ಕಾರ್ಡ್ ಹಾಕಿಕೊಂಡರೆ 110ರ ಲೀಜನ್ ಸುಮಾರು 74 ಪ್ರೊಡಕ್ಷನ್‌ಗೆ ಮುಗಿಯುತ್ತದೆ, ಆದ್ದರಿಂದ ಸೈನ್ಯ ಕಟ್ಟುವ ಹತ್ತು ಹದಿನೈದು ಟರ್ನ್ ಮಿಲಿಟರಿ ಜಾಗದಲ್ಲಿ ಅದೇ ಇರಲಿ. ಎದುರಾಳಿಯನ್ನು ಮೊದಲು ಖಂಡಿಸಿ, 5 ಟರ್ನ್ ಕಾದು, ಆಮೇಲೆ ಫಾರ್ಮಲ್ ವಾರ್ ಸಾರಿ. ಏಕಾಏಕಿ ಯುದ್ಧ ಸಾರಿದರೆ ನಿಮ್ಮ ಮೇಲೆ 150 ಗ್ರೀವನ್ಸ್ (ದೂರುಗಳು) ಹುಟ್ಟುತ್ತವೆ, ಹೀಗೆ ಸಾರಿದರೆ 100. ಆ ಐದು ಟರ್ನ್‌ಗಳಲ್ಲಿ ಸೈನ್ಯವನ್ನು ಗಡಿಗೆ ತಂದು ಜೋಡಿಸಿ.

ಮೊದಲು ಬಯಲಿನಲ್ಲಿರುವ ಸೈನ್ಯವನ್ನು ಮುಗಿಸಿ, ಅವಸರಪಟ್ಟು ಗೋಡೆಗೆ ಹೋಗಬೇಡಿ. ನಂತರ ನಗರದ ಸುತ್ತಲಿನ ಆರು ಮನೆಗಳನ್ನು ನೋಡಿ. ಪ್ರತಿ ಮನೆಯಲ್ಲೂ ನಿಮ್ಮವರು ಇರಬೇಕು, ಇಲ್ಲವೇ ಆ ಮನೆ ನಿಮ್ಮ ಸೈನಿಕರ ಹತೋಟಿ ವಲಯದಲ್ಲಿ, ಅಂದರೆ ಅವರ ಪಕ್ಕದ ಮನೆಗಳಲ್ಲಿ, ಬರಬೇಕು. ಮೂರು ಲೀಜನ್‌ಗಳನ್ನು ಒಂದು ಮನೆ ಬಿಟ್ಟು ಒಂದರಂತೆ ನಿಲ್ಲಿಸಿದರೆ ಆರೂ ಮನೆ ಹತೋಟಿಗೆ ಬರುತ್ತವೆ, ನದಿ ಅಡ್ಡ ಬಂದು ಹತೋಟಿ ಮುರಿಯದಿದ್ದರೆ. ಹಾಗೆ ಬಿಗಿದ ಕೂಡಲೇ ನಗರ ಚೇತರಿಸಿಕೊಳ್ಳುವುದು ನಿಲ್ಲುತ್ತದೆ. ಬಿಗಿಯದಿದ್ದರೆ ನೀವು ಹೊಡೆದದ್ದರಲ್ಲಿ ಟರ್ನ್‌ಗೆ 20ರಂತೆ ವಾಪಸು ತುಂಬಿಕೊಳ್ಳುತ್ತದೆ. ಆಟಗಾರರು ಅತಿ ಹೆಚ್ಚು ಕೈಬಿಡುವ ಹೆಜ್ಜೆ ಇದೇ.

ಪ್ರಾಚೀನ ಗೋಡೆಯ ಆಯುಷ್ಯ 100, ಒಳಗಿನ ನಗರದ್ದು 200. ರಾಮ್ ಇದ್ದರೆ ಮೂರು ಲೀಜನ್‌ಗಳ ಒಂದು ಸುತ್ತಿನ ಹೊಡೆತಕ್ಕೆ ಗೋಡೆ ಬಹುಪಾಲು ಉದುರುತ್ತದೆ. ಗೋಡೆ ತಾನಾಗಿ ತುಂಬಿಕೊಳ್ಳುವುದಿಲ್ಲ. ಮೂರು ಟರ್ನ್ ಯಾರೂ ಹೊಡೆಯದೆ ಬಿಟ್ಟರೆ ಮಾತ್ರ ಅವರು ದುರಸ್ತಿ ಕೆಲಸ ಹಚ್ಚಬಹುದು. ಹಾಗಾಗಿ ಲೀಜನ್ ಒಂದರ ಆಯುಷ್ಯ 40ಕ್ಕಿಂತ ಕೆಳಗಿಳಿದರೆ ಧೈರ್ಯವಾಗಿ ಹಿಂದಕ್ಕೆ ಕರೆದು ನಾಲ್ಕನೆಯದನ್ನು ಆ ಮನೆಗೆ ಕಳಿಸಿ. ಗೋಡೆಗೆ ಆದ ಹಾನಿ ಹಾಗೇ ಉಳಿದಿರುತ್ತದೆ. ಗೋಡೆ ಬಿದ್ದ ಮೇಲೆ ಆರ್ಚರ್‌ಗಳಿಗೆ ಕೆಲಸ ಕೊಡಿ, ಕೊನೆಯ ಏಟು ಮಾತ್ರ ಲೀಜನ್‌ನದ್ದಾಗಿರಲಿ, ಏಕೆಂದರೆ ಬಾಣ ಬಿಡುವವರು ಊರನ್ನು ವಶಪಡಿಸಿಕೊಳ್ಳಲಾರರು. ನದಿಯ ಆಚೆ ದಡದಿಂದ ಹೊಡೆದರೆ ಬಲ ಕುಗ್ಗುತ್ತದೆ, ಆದ್ದರಿಂದ ಹೊಡೆಯುವವರನ್ನು ಊರಿನ ದಡದಲ್ಲೇ ನಿಲ್ಲಿಸಿ.

ಎದುರಾಳಿ ಮಧ್ಯಯುಗದ ಗೋಡೆ ಕಟ್ಟಿದ್ದರೆ ರಾಮ್ ನಿಷ್ಪ್ರಯೋಜಕ. ಆಗ ಕ್ಯಾಟಪಲ್ಟ್ ಬೇಕು. ಅದು ನಡೆದ ಟರ್ನ್‌ನಲ್ಲಿ ಕಲ್ಲು ಎಸೆಯಲಾರದು ಎಂಬುದನ್ನು ನೆನಪಿಟ್ಟು ಒಂದು ಟರ್ನ್ ಮುಂಚೆ ಜಾಗಕ್ಕೆ ತಂದಿಡಿ.

ಪ್ರಶ್ನೆ: ಲೀಜನ್‌ಗೆ ಕಟ್ಟುವ ಚಾರ್ಜ್ ಏಕೆ ಕೊಟ್ಟಿದ್ದಾರೆ? ಒಂದೇ ಚಾರ್ಜ್‌ನಿಂದ ಏನು ಪ್ರಯೋಜನ?
– ಓದುಗರು, ಮೈಸೂರು

ಉತ್ತರ: ಇದರ ಹಿಂದೆ ನಿಜವಾದ ಚರಿತ್ರೆ ಇದೆ. ರೋಮ್ ನಗರದಲ್ಲಿ ಕ್ರಿ.ಶ. 113ರಲ್ಲಿ ನಿಲ್ಲಿಸಿದ ಟ್ರೇಜನ್ ಸ್ತಂಭ ಇಂದಿಗೂ ಇದೆ. ಸುಮಾರು 30 ಮೀಟರ್ ಎತ್ತರದ ಕಂಬ, ಅದನ್ನು ಸುತ್ತಿಕೊಂಡು ಮೇಲೇರುವ ಸುಮಾರು 200 ಮೀಟರ್ ಉದ್ದದ ಕೆತ್ತನೆಯ ಪಟ್ಟಿ, ಅದರಲ್ಲಿ 2,500ಕ್ಕೂ ಹೆಚ್ಚು ಆಕೃತಿಗಳು. ಈಗಿನ ರೊಮೇನಿಯಾ ಇರುವ ಡೇಸಿಯಾದ ಮೇಲೆ ಟ್ರೇಜನ್ 101ರಿಂದ 106ರ ನಡುವೆ ನಡೆಸಿದ ಎರಡು ಯುದ್ಧಗಳ ಕಥೆ ಅದು. ಬುಡದಿಂದ ನೋಡುತ್ತ ಹೋದರೆ ಮೊದಲು ಡ್ಯಾನ್ಯೂಬ್ ದಡದ ಕಾವಲುಗೋಪುರಗಳು, ಸಾಮಾನು ಹೇರುವ ದೋಣಿಗಳು, ನೀರಿನಿಂದ ಮೇಲೆದ್ದು ನೋಡುತ್ತಿರುವ ಗಡ್ಡದ ನದೀದೇವತೆ, ದೋಣಿಗಳನ್ನು ಸಾಲಾಗಿ ಕಟ್ಟಿದ ಸೇತುವೆಯ ಮೇಲೆ ದಾಟುವ ಸೈನ್ಯ. ಆಮೇಲೆ ಮರ ಕಡಿಯುವವರು, ಬುಟ್ಟಿಯಲ್ಲಿ ಮಣ್ಣು ಹೊರುವವರು, ಕೋಟೆಯ ಗೋಡೆ ಜೋಡಿಸುವವರು. ಅವರೆಲ್ಲ ಸೈನಿಕರೇ, ಎಷ್ಟೋ ಮಂದಿ ಕವಚ ತೊಟ್ಟೇ ಕೆಲಸ ಮಾಡುತ್ತಿದ್ದಾರೆ. ಕಟ್ಟುವ ದೃಶ್ಯಗಳು ಕಂಬದ ಮೇಲೆ ಮತ್ತೆ ಮತ್ತೆ ಬರುತ್ತವೆ. ಆಟದಲ್ಲಿ ಟ್ರೇಜನ್‌ನ ವಿಶೇಷ ಶಕ್ತಿಗೆ ಈ ಸ್ತಂಭದ ಹೆಸರನ್ನೇ ಇಟ್ಟಿರುವುದು, ಲೀಜನ್ ಕೈಗೆ ಚಾರ್ಜ್ ಕೊಟ್ಟಿರುವುದು ಎರಡೂ ತುಂಬ ಚೆನ್ನಾಗಿ ಹೊಂದುತ್ತವೆ.

ಪ್ರಯೋಜನಕ್ಕೆ ಬರೋಣ. ಚಾರ್ಜ್‌ನಿಂದ ರೋಮನ್ ಕೋಟೆ ಕಟ್ಟಬಹುದು, ಇಲ್ಲವೇ ಒಂದು ಮನೆಯಷ್ಟು ರಸ್ತೆ ಹಾಕಬಹುದು. ಬಿಲ್ಡರ್ ಚಾರ್ಜ್ ಮುಗಿದರೆ ಮಾಯವಾಗುತ್ತಾನೆ, ಲೀಜನ್ ಹಾಗಲ್ಲ, ಸೈನಿಕನಾಗಿ ಉಳಿಯುತ್ತದೆ. ಕೋಟೆಯೊಳಗೆ ನಿಂತವರಿಗೆ ರಕ್ಷಣೆಯಲ್ಲಿ +4, ಜೊತೆಗೆ ಎರಡು ಟರ್ನ್ ಬೇರೂರಿ ನಿಂತಷ್ಟೇ ಭದ್ರತೆ ಒಳಹೊಕ್ಕ ಕ್ಷಣದಲ್ಲೇ ಸಿಗುತ್ತದೆ. ಅದು +6. ಒಟ್ಟು +10, ಲೀಜನ್ 50ರ ಬಲದಲ್ಲಿ ಕೂತ ಹಾಗೆ. ನಿಮ್ಮ ನೆಲದಲ್ಲೂ ಯಾರಿಗೂ ಸೇರದ ನೆಲದಲ್ಲೂ ಕಟ್ಟಬಹುದು, ಶತ್ರುವಿನ ಗಡಿಯೊಳಗೆ ಆಗದು. ಹಾಗಾಗಿ ಯುದ್ಧ ಸಾರುವ ಮುಂಚಿನ ಆ ಐದು ಟರ್ನ್‌ಗಳಲ್ಲಿ ಎದುರಾಳಿಯ ಗಡಿಗೆ ತಾಗಿದ ಖಾಲಿ ಮನೆಯಲ್ಲಿ ಒಂದು ಕೋಟೆ ಎಬ್ಬಿಸಿ. ಕಣಿವೆಯ ಬಾಯಿ, ಎರಡು ಬೆಟ್ಟಗಳ ನಡುವಿನ ಸಂದು ಸಿಕ್ಕರೆ ಇನ್ನೂ ಒಳ್ಳೆಯದು. ಗಾಯಗೊಂಡ ಲೀಜನ್‌ಗಳು ಹಿಂದಕ್ಕೆ ಬಂದು ಕೂರಲು ಅದೇ ಜಾಗ.

ರಸ್ತೆಯನ್ನು ಗುಡ್ಡ, ಕಾಡಿನ ಮನೆಗಳಿಗೆ ಮಾತ್ರ ಬಳಸಿ. ಬಯಲಿನಲ್ಲಿ ಪ್ರಾಚೀನ ರಸ್ತೆಯಿಂದ ನಡಿಗೆ ಏನೂ ವೇಗವಾಗುವುದಿಲ್ಲ. ಕಾಡುಗುಡ್ಡದ ಮೇಲೆ ಅದು ಒಂದೇ ಹೆಜ್ಜೆಯ ದಾರಿಯಾಗುತ್ತದೆ.

ಪ್ರಶ್ನೆ: ಗೆದ್ದ ನಗರ ಏಳೆಂಟು ಟರ್ನ್‌ಗಳಲ್ಲಿ ದಂಗೆಯೆದ್ದು ಕೈತಪ್ಪುತ್ತದೆ. ಸೈನ್ಯ ಅಲ್ಲೇ ನಿಂತಿದ್ದರೂ ಉಳಿಯುವುದಿಲ್ಲ.
– ಓದುಗರು, ಮಂಗಳೂರು

ಉತ್ತರ: ನಗರ ದಂಗೆಯೇಳುವುದು ಅದರ ನಿಷ್ಠೆ ಕುಸಿದಾಗ, ಆ ನಿಷ್ಠೆಯನ್ನು ನಿರ್ಧರಿಸುವುದು ಸುತ್ತಲಿನ ಜನ. ಒಂಬತ್ತು ಮನೆಗಳೊಳಗಿನ ಎಲ್ಲ ಊರುಗಳ ಜನಸಂಖ್ಯೆಯೂ ಆ ನಗರವನ್ನು ತನ್ನತ್ತ ಎಳೆಯುತ್ತದೆ, ಹತ್ತಿರದವರ ಸೆಳೆತ ಹೆಚ್ಚು, ದೂರದವರದು ಕಡಿಮೆ. ನೀವು ಶತ್ರುವಿನ ಮಡಿಲಲ್ಲಿ ಒಂದೇ ಊರು ಕಿತ್ತುಕೊಂಡಿದ್ದೀರಿ, ಸುತ್ತ ಇರುವ ನಾಲ್ಕೂ ಅವರವೇ. ಕತ್ತಿ ಹಿಡಿದವರು ನಿಂತಿದ್ದರೂ ಆ ಸೆಳೆತ ನಿಲ್ಲದು.

ಆದ್ದರಿಂದ ಒಂದನ್ನು ಗೆದ್ದು ಶಾಂತಿ ಮಾಡಿಕೊಳ್ಳುವ ಯೋಚನೆ ಬಿಡಿ. ಅಕ್ಕಪಕ್ಕದ ಎರಡು ಮೂರನ್ನು ಬೆನ್ನುಬೆನ್ನಿಗೆ ಗೆಲ್ಲಿ. ಪ್ರತಿ ಗೆಲುವಿನಿಂದ ಅವರ ಕಡೆಯ ಸೆಳೆತ ಕುಗ್ಗಿ ನಿಮ್ಮದು ಹೆಚ್ಚುತ್ತದೆ. ಮೊದಲ ಊರು ಬಿದ್ದ ಟರ್ನ್‌ನಲ್ಲೇ ಒಬ್ಬ ಗವರ್ನರ್‌ನನ್ನು ಅಲ್ಲಿಗೆ ಹಾಕಿ. ಅವರಿಂದ ಟರ್ನ್‌ಗೆ +8 ನಿಷ್ಠೆ. ‘ಲಿಮಿಟಾನೆಯಿ’ ಕಾರ್ಡ್ ಹಾಕಿ ಊರೊಳಗೆ ಒಂದು ಸೈನ್ಯ ಇರಿಸಿದರೆ ಇನ್ನೂ +2. ಪುಕ್ಕಟೆ ಮಾನ್ಯುಮೆಂಟ್ ನೀವು ನೆಲೆಗೊಳಿಸಿದ ಊರಿಗೆ ಮಾತ್ರ, ಗೆದ್ದ ಊರಿಗಿಲ್ಲ. ಅಲ್ಲಿ ಮಾನ್ಯುಮೆಂಟ್ ಇಲ್ಲದಿದ್ದರೆ ಮೊದಲ ಕೆಲಸ ಅದೇ ಆಗಲಿ. ಯುಗದ ಸ್ಥಿತಿಯನ್ನೂ ನೋಡಿ. ಅಂಧಕಾರ ಯುಗದಲ್ಲಿ ನಿಮ್ಮ ಪ್ರತಿ ಪ್ರಜೆಯ ಸೆಳೆತ ಅರ್ಧಕ್ಕೆ ಇಳಿಯುತ್ತದೆ, ಸುವರ್ಣ ಯುಗದಲ್ಲಿ ಒಂದೂವರೆ ಪಟ್ಟು ಆಗುತ್ತದೆ. ನೀವು ಅಂಧಕಾರದಲ್ಲಿ, ಎದುರಾಳಿ ಸುವರ್ಣದಲ್ಲಿ ಇದ್ದರೆ ಯುದ್ಧವನ್ನೇ ಮುಂದಕ್ಕೆ ಹಾಕಿ.

ರೋಮ್‌ಗೆ ಇನ್ನೊಂದು ದಾರಿ ಇದೆ, ನಮಗೆ ತುಂಬ ಇಷ್ಟವಾದದ್ದು. ಸೈನ್ಯದ ಹಿಂದೆಯೇ ಒಬ್ಬ ಸೆಟ್ಲರ್ ನಡೆಯಲಿ. ಗೆದ್ದ ಊರಿನಿಂದ ನಾಲ್ಕು ಮನೆ ದೂರದಲ್ಲಿ ನಿಮ್ಮದೇ ಹೊಸ ನಗರ ಹೂಡಿ. ಮಾನ್ಯುಮೆಂಟ್ ಸಮೇತ ಹುಟ್ಟುವ ಆ ಊರಿನ ಪ್ರಜೆಗಳು ಗೆದ್ದ ಊರನ್ನು ನಿಮ್ಮ ಕಡೆಗೆ ಎಳೆಯುತ್ತಾರೆ. ಚರಿತ್ರೆಯಲ್ಲೂ ಹೀಗೇ ಆಯಿತು. ಟ್ರೇಜನ್ ಡೇಸಿಯಾವನ್ನು ಗೆದ್ದ ಮೇಲೆ ಸಾಮ್ರಾಜ್ಯದ ನಾನಾ ಕಡೆಯಿಂದ ಜನರನ್ನು ತಂದು ಅಲ್ಲಿ ನೆಲೆಗೊಳಿಸಿದ. ಆ ಪ್ರಾಂತ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ರೋಮ್‌ನ ಕೈಯಲ್ಲಿತ್ತು. ಟ್ರೇಜನ್ ತನ್ನ ಕೊನೆಯ ವರ್ಷಗಳಲ್ಲಿ ಓಡೋಡಿ ಗೆದ್ದ ಮೆಸಪಟೋಮಿಯಾವನ್ನು 117ರಲ್ಲಿ ಪಟ್ಟಕ್ಕೆ ಬಂದ ಹೇಡ್ರಿಯನ್ ಬಿಟ್ಟುಕೊಡಬೇಕಾಯಿತು.

ಪ್ರಶ್ನೆ: ಕೆಲವು ಹೊಸ ನಗರಗಳಿಗೆ ರಸ್ತೆ ತಾನಾಗಿ ಬರುತ್ತದೆ, ಕೆಲವಕ್ಕೆ ಇಲ್ಲ. ಕಾರಣವೇನು? ವ್ಯಾಪಾರದ ದಾರಿಗಳನ್ನು ಹೇಗೆ ಹೂಡಬೇಕು?
– ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಹೊಸ ನಗರ ರಾಜಧಾನಿಯ ವ್ಯಾಪಾರದ ವ್ಯಾಪ್ತಿಯೊಳಗೆ ಇದ್ದರೆ ಮಾತ್ರ ರಸ್ತೆ. ನೆಲದ ಮೇಲೆ ಆ ವ್ಯಾಪ್ತಿ 15 ಮನೆ. ನಡುವೆ ಬೆಟ್ಟಸಾಲು ಅಡ್ಡ ಬಂದು ದಾರಿ ಸುತ್ತಿದರೆ ಕಣ್ಣಿಗೆ ಹತ್ತಿರ ಕಂಡ ಊರೂ ವ್ಯಾಪ್ತಿಯಿಂದ ಆಚೆ ಬೀಳಬಹುದು. ಸಮುದ್ರ ದಾಟಿ ಹೂಡಿದ ಊರಿಗೆ ರಸ್ತೆಯ ಮಾತೇ ಇಲ್ಲ. ಆದರೆ ಟ್ರೇಡಿಂಗ್ ಪೋಸ್ಟ್ (ವರ್ತಕರ ತಂಗುದಾಣ) ಎಲ್ಲ ಊರಿಗೂ ಸಿಗುತ್ತದೆ, ಗೆದ್ದ ಊರಿಗೂ ಸಹ. ವರ್ತಕ ಹಾದುಹೋಗುವ ನಿಮ್ಮ ಪ್ರತಿ ಊರಿನ ಪೋಸ್ಟ್‌ಗೆ +1 ಚಿನ್ನ.

ಹಾಗಾಗಿ ಹೊರದೇಶಕ್ಕೆ ಹೋಗುವ ವರ್ತಕನನ್ನು ಗಡಿಯ ಊರಿನಿಂದ ಕಳಿಸಬೇಡಿ. ಒಳಗಿನ ಊರಿನಿಂದ ಹೊರಡಿಸಿ, ಅವನು ಮೂರು ರೋಮನ್ ಊರುಗಳನ್ನು ಹಾದು ಹೋಗಲಿ. ದಾರಿ ಹೂಡುವ ಮೊದಲು ಪರದೆಯಲ್ಲಿ ಬೇರೆ ಬೇರೆ ಊರನ್ನು ಹೊರಡುವ ಜಾಗವಾಗಿ ಇಟ್ಟು ಚಿನ್ನದ ಅಂಕಿ ಹೋಲಿಸಿ. ಮೊದಲ 80 ಟರ್ನ್‌ಗಳಲ್ಲಿ ಮಾತ್ರ ಹೊಸ ಊರುಗಳಿಂದ ರಾಜಧಾನಿಗೆ ಒಳದಾರಿಗಳೇ ಹೆಚ್ಚು ಉಪಕಾರಿ, ಹೊರಟ ಊರಿಗೆ ಆಹಾರ ಮತ್ತು ಪ್ರೊಡಕ್ಷನ್ ಸಿಗುತ್ತದೆ. ದಾರಿಗಳ ಸಂಖ್ಯೆ ಏರಬೇಕಾದರೆ ಕಮರ್ಷಿಯಲ್ ಹಬ್ (ವ್ಯಾಪಾರದ ಬಡಾವಣೆ) ಕಟ್ಟಿದರೆ ಸಾಲದು, ಅದರೊಳಗೆ ಮಾರ್ಕೆಟ್ ಎದ್ದು ನಿಲ್ಲಬೇಕು. ನದಿಯ ಪಕ್ಕದ ಮನೆ ಹಬ್‌ಗೆ +2 ಚಿನ್ನ.

ರೋಮ್‌ನ ವ್ಯಾಪಾರದ ಕೈ ಎಷ್ಟು ಉದ್ದವಿತ್ತೆಂಬುದಕ್ಕೆ ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೇ ಕುರುಹು ಇದೆ, ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಅಲ್ಲಿ ದೊರೆತಿವೆ.

ಪ್ರಶ್ನೆ: ಬಾತ್, ಅಂದರೆ ರೋಮ್‌ನ ಸ್ನಾನಗೃಹವನ್ನು, ಎಲ್ಲಿ ಕಟ್ಟಬೇಕು? ನೀರಿರುವ ಊರಿಗೂ ಬೇಕೇ?
– ಓದುಗರು, ಧಾರವಾಡ

ಉತ್ತರ: ಬೇಕು. ಎಂಜಿನಿಯರಿಂಗ್ ಕಲಿತ ಮೇಲೆ ಸಿಗುವ ಇದು ಊರಿಗೆ ನೀರು ತರುವ ಅಕ್ವಡಕ್ಟ್‌ನ ಬದಲಿ, ಬೆಲೆ ಅದರ ಅರ್ಧ. ನೀರಿಲ್ಲದ ಊರಿನ ಹೌಸಿಂಗನ್ನು 6ಕ್ಕೆ ಏರಿಸಿ ಮೇಲೆ 2 ಕೊಡುತ್ತದೆ. ನೀರಿರುವ ಊರಿಗೆ 2ರ ಜೊತೆ ಇನ್ನೊಂದು 2. ಎರಡಕ್ಕೂ ಒಂದು ಅಮೆನಿಟಿ (ಜನರ ಸಂತೋಷದ ಅಂಕ). ಎಂಟು ಹತ್ತು ಊರು ಕಟ್ಟಿದವರಿಗೆ ಈ ಅಮೆನಿಟಿಯೇ ಪ್ರಾಣ, ಏಕೆಂದರೆ ಒಂದು ಐಷಾರಾಮಿ ವಸ್ತು ನಾಲ್ಕೇ ಊರುಗಳಿಗೆ ಸಾಲುತ್ತದೆ. ಜನಸಂಖ್ಯೆಗೆ ತಕ್ಕಷ್ಟೇ ಡಿಸ್ಟ್ರಿಕ್ಟ್ (ನಗರದ ವಿಶೇಷ ಬಡಾವಣೆ) ಎಂಬ ಮಿತಿ (1, 4, 7, 10ರಲ್ಲಿ ಒಂದೊಂದು) ಇದಕ್ಕೆ ಅನ್ವಯಿಸುವುದಿಲ್ಲ.

ಜಾಗದ ನಿಯಮ: ನಗರಕೇಂದ್ರಕ್ಕೆ ತಾಗಿರಬೇಕು, ಜೊತೆಗೆ ನದಿ, ಸರೋವರ, ಓಯಸಿಸ್ ಅಥವಾ ಬೆಟ್ಟಕ್ಕೂ ತಾಗಿರಬೇಕು. ಅಂಥ ಮನೆ ಒಂದೇ ಒಂದು ಇರುವ ಊರಿನಲ್ಲಿ ಅಲ್ಲಿ ಕ್ಯಾಂಪಸ್ (ವಿಜ್ಞಾನದ ಬಡಾವಣೆ) ಕಟ್ಟಿಬಿಟ್ಟರೆ ಬಾತ್‌ಗೆ ಜಾಗವೇ ಇಲ್ಲ. ಊರು ಹೂಡಿದ ಟರ್ನ್‌ನಲ್ಲೇ ನಕಾಶೆಯ ಮೇಲೆ ಗುರುತಿನ ಪಿನ್ ಚುಚ್ಚಿಡಿ. ಇಂಡಸ್ಟ್ರಿಯಲ್ ಝೋನ್‌ಗೆ ಪಕ್ಕದ ಪ್ರತಿ ಬಾತ್‌ನಿಂದ +2. ಎರಡು ಊರುಗಳನ್ನು ಹತ್ತಿರ ಹೂಡಿ, ಇಬ್ಬರ ಬಾತ್‌ಗಳೂ ಒಂದೇ ಝೋನ್‌ಗೆ ತಾಗುವಂತೆ ಮಾಡಿ, ಆ ಪಕ್ಕದಲ್ಲಿ ಅಣೆಕಟ್ಟೂ ಬಂದರೆ +6 ಅನಾಯಾಸವಾಗಿ ಸಿಗುತ್ತದೆ.

ಪ್ರಶ್ನೆ: ಲೀಜನ್‌ಗಳ ಕಾಲ ಯಾವಾಗ ಮುಗಿಯಿತು ಎಂದುಕೊಳ್ಳಬೇಕು? ಅತಿ ಕಠಿಣವಾದ ಡೀಟಿ ಮಟ್ಟದಲ್ಲಿ ಇದೆಲ್ಲ ನಡೆಯುತ್ತದೆಯೇ?
– ಓದುಗರು, ಕಲಬುರಗಿ

ಉತ್ತರ: ಡೀಟಿಯಲ್ಲಿ ಎದುರಾಳಿ ಮೂರು ಸೆಟ್ಲರ್‌ಗಳೊಂದಿಗೆ ಆಟ ಶುರುಮಾಡುತ್ತಾನೆ, ಅವನ ಸೈನ್ಯಕ್ಕೆ +4 ಬಲ ಬೇರೆ. ನಿಮ್ಮ 40 ಅಲ್ಲಿ 36ರ ಹಾಗೆ. ಆದ್ದರಿಂದ ಲೀಜನ್ ದಂಡನ್ನು ಆರಕ್ಕೆ ಏರಿಸಿ, ಹತ್ತಿರದ ಒಬ್ಬನನ್ನೇ ಗುರಿಮಾಡಿ, ಉಳಿದವರೊಂದಿಗೆ ಸ್ನೇಹ ಮಾಡಿಕೊಂಡಿರಿ. ಎದುರಾಳಿಯ ಊರಿನಿಂದ ಕ್ರಾಸ್‌ಬೋ ಹಿಡಿದವರು ಅಥವಾ ನೈಟ್‌ಗಳು ಹೊರಬಂದರೆ ಲೀಜನ್‌ಗಳ ಆಕ್ರಮಣದ ಕಾಲ ಮುಗಿಯಿತು. ಅರ್ಧ ಗೆದ್ದ ಊರಿಗಾಗಿ ಹಟ ಹಿಡಿಯದೆ, ನೀವು ಗೆದ್ದ ಊರುಗಳನ್ನು ಎದುರಾಳಿ ನಿಮಗೇ ಬಿಟ್ಟುಕೊಡುವ ಷರತ್ತು ಸೇರಿಸಿ ಶಾಂತಿ ಮಾಡಿಕೊಳ್ಳಿ. ಷರತ್ತಿಲ್ಲದಿದ್ದರೆ ಆ ಊರುಗಳ ಬೆಳವಣಿಗೆ ಕುಂಟುತ್ತಲೇ ಇರುತ್ತದೆ.

ಉಳಿದ ಲೀಜನ್‌ಗಳಿಗೆ ಟರ್ನ್‌ಗೆ 2 ಚಿನ್ನದಂತೆ ಖರ್ಚು ಇದ್ದೇ ಇದೆ. ಅವನ್ನು ಗಡಿಯ ಊರುಗಳಿಗೆ ಹಂಚಿ. ಮುಂದೆ ಅಪ್ರೆಂಟಿಸ್‌ಶಿಪ್ ಕಲಿತು ಮ್ಯಾನ್-ಅಟ್-ಆರ್ಮ್ಸ್ ಆಗಿ ಬಡ್ತಿ ಕೊಡುವ ಗುಂಡಿ ಒತ್ತುವ ಮೊದಲು ಒಂದೊಂದರ ಚಾರ್ಜ್ ಉಳಿದಿದೆಯೇ ನೋಡಿ. ಉಳಿದಿದ್ದರೆ ಅದನ್ನು ಗಡಿಯ ಸಂದಿನ ಕೋಟೆಗೋ ಕಾಡುಗುಡ್ಡದ ರಸ್ತೆಗೋ ಬಳಸಿ, ಆಮೇಲೆ ಗುಂಡಿ ಒತ್ತಿ.